ನೆತ್ತಿಯಿಂದ ತೋಡಿನವರೆಗೆ: ಕಾಸರಗೋಡಿನ ಗುಡ್ಡದ ಮಣ್ಣನ್ನು ಮರಗಿಡಗಳಿಂದ ಹಿಡಿದಿಡುವ ಬಗೆ

ಪೆರ್ಲದ ಬಳಿಯ ನಮ್ಮ ಜಾಗ ನಮ್ಮ ಕಡೆಯ ಬಹುಪಾಲು ಕೃಷಿಕರ ಜಾಗದಂತೆಯೇ ಇದೆ. ನೆತ್ತಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲಾದ ಪದವು, ಅದರ ಕೆಳಗೆ ಗೇರಿನ ಇಳಿಜಾರು, ಆಮೇಲೆ ಮನೆ ಮತ್ತು ತೆಂಗು, ತೀರ ಕೆಳಗೆ ಅಡಿಕೆ ತೋಟ, ತೋಟದ ಅಂಚಿನಲ್ಲಿ ಶಿರಿಯಾ ಹೊಳೆಯತ್ತ ಹರಿಯುವ ತೋಡು. ಕೆಲವು ವರ್ಷಗಳ ಹಿಂದೆ ಗೇರಿನ ಇಳಿಜಾರಿನಲ್ಲಿಯೂ ಅಡಿಕೆ ಇಡುವ ಆಸೆಯಾಯಿತು. ಮೇ ತಿಂಗಳ ಕೊನೆಗೆ ಯಂತ್ರ ತರಿಸಿ ನಾಲ್ಕು ತಟ್ಟು (ಮೆಟ್ಟಿಲಿನಂತಹ ಸಪಾಟು ನೆಲ) ಮಾಡಿಸಿದೆ. ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು, "ಪತ್ತನಾಜೆ ಕಳೆಯಿತು ಅಣ್ಣ, ಈಗ ಮಣ್ಣಿಗೆ ಕೈ ಹಾಕಬೇಡಿ" ಎಂದಿದ್ದರು. ಪತ್ತನಾಜೆಯೆಂದರೆ ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆಂದು ಎಣಿಸುವ, ಮೇ ಕೊನೆಯ ವಾರದ ಒಂದು ದಿನ. ನಾನು ಕೇಳಲಿಲ್ಲ. ಜುಲೈಯ ಒಂದು ರಾತ್ರಿ ಎರಡನೆಯ ತಟ್ಟಿನ ದರೆ, ಅಂದರೆ ಕಡಿದ ಅಂಚು, ಜರಿಯಿತು. ಬೆಳಗ್ಗೆ ಹೋಗಿ ನೋಡಿದರೆ ಅಡಿಕೆ ತೋಟದ ನೀರು ಹರಿಯುವ ಕಣಿಗಳು ಮಣ್ಣು ತುಂಬಿ ನೆಲ ಸಪಾಟಾಗಿತ್ತು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಎಂದೂ ಕದಡದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕಣಿಯ ಕೆಸರಿಗೆ ಕೈ ಹಾಕಿದಾಗ ಸಿಕ್ಕಿದ್ದು ಗುಡ್ಡದ ಮೇಲ್ಮಣ್ಣು: ಕಪ್ಪು, ನುಣುಪು, ಅರೆ ಕೊಳೆತ ಗೇರೆಲೆಗಳ ಸಮೇತ. ಮೇಲೆ ಉಳಿದದ್ದು ಜಲ್ಲಿ.

ಆ ಜರಿತವನ್ನು ರಿಪೇರಿ ಮಾಡುತ್ತಾ ಕಲಿತದ್ದನ್ನು ಕೆಲಸದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ನಮ್ಮವರು ಸಾಮಾನ್ಯವಾಗಿ ಕೆಳಗಿನಿಂದ ಶುರು ಮಾಡುತ್ತಾರೆ. ತೋಡಿಗೆ ಕಲ್ಲಿನ ಗೋಡೆ ಕಟ್ಟಿಸುತ್ತಾರೆ, ಕಣಿಯ ಹೂಳು ತೆಗೆಸುತ್ತಾರೆ, ಹಣ ಮುಗಿಯುತ್ತದೆ. ಶುರುವಾಗಬೇಕಾದದ್ದು ನೆತ್ತಿಯಿಂದ. ಹಾಗೆಯೇ ಮಣ್ಣನ್ನು ಹಿಡಿಯುವ ಕೆಲಸದಲ್ಲಿ ಬೇರು ಮತ್ತು ತರಗೆಲೆಯದ್ದು ದೊಡ್ಡ ಪಾಲು, ಗುಂಡಿ ಮತ್ತು ಬದುವಿನದ್ದು ಸಣ್ಣ ಪಾಲು.

ಮೊದಲು ಲೆಕ್ಕ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬರುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. ಹಾಗಾಗಿ ಒಂದು ಎಕರೆ ಗುಡ್ಡದ ಮೇಲೆ ವರ್ಷಕ್ಕೆ ಬೀಳುವುದು 1.4 ಕೋಟಿ ಲೀಟರ್. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಜೋರು ಮಳೆ 50 ಮಿಲಿಮೀಟರ್ ಸುರಿದರೆ ಎರಡು ಲಕ್ಷ ಲೀಟರ್.

ಎರಡು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಇಂಗುಗುಂಡಿಯಲ್ಲಿ 500 ಲೀಟರ್ ನಿಲ್ಲುತ್ತದೆ. ಆ ಒಂದು ಮಳೆಯನ್ನು ಗುಂಡಿಗಳಿಂದಲೇ ಹಿಡಿಯುವುದಾದರೆ ಎಕರೆಗೆ 400 ಗುಂಡಿ ಬೇಕು. ಅಷ್ಟು ತೋಡಿದರೆ ಗುಡ್ಡ ಉಳಿಯುವುದಿಲ್ಲ, ಗುಂಡಿಗಳಷ್ಟೇ ಉಳಿಯುತ್ತವೆ. ಮಳೆಹನಿ ನೆಲಕ್ಕೆ ಬಡಿಯುವ ಮೊದಲೇ ಅದರ ಪೆಟ್ಟು ಮುರಿಯಬೇಕು, ಹರಿಯುವ ನೀರಿನ ಓಟ ಅಲ್ಲಲ್ಲೇ ತಗ್ಗಬೇಕು.

ಮಣ್ಣಿನ ಲೆಕ್ಕವೂ ಇದೆ. ಒಂದು ಎಕರೆಯಿಂದ ಒಂದೇ ಮಿಲಿಮೀಟರ್ ದಪ್ಪದ ಮಣ್ಣು ಹೋದರೂ ಅದು ನಾಲ್ಕು ಘನ ಮೀಟರ್, ಐದು ಟನ್ನಿನಷ್ಟು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಹೆಜ್ಜೆ 1: ಮಳೆ ಬರುವಾಗ ಕೊಡೆ ಹಿಡಿದು ನಡೆಯಿರಿ

ಬೇಸಿಗೆಯಲ್ಲಿ ಕುಳಿತು ಮಾಡಿದ ಯೋಜನೆ ಮಳೆಗಾಲದಲ್ಲಿ ನಗೆಪಾಟಲಾಗುತ್ತದೆ. ಜುಲೈಯಲ್ಲಿ ಜೋರು ಮಳೆ ಹಿಡಿದಾಗ ನೆತ್ತಿಯಿಂದ ತೋಡಿನವರೆಗೆ ಒಮ್ಮೆ ಇಳಿದು ಬನ್ನಿ. ನೀರು ಎಲ್ಲಿ ಹಾಳೆಯಂತೆ ಹರಡಿಕೊಂಡಿದೆ, ಎಲ್ಲಿ ಒಟ್ಟು ಸೇರಿ ಗೆರೆ ಕೊರೆಯುತ್ತಿದೆ, ನೆರೆಯವರ ಜಾಗದಿಂದ ಎಲ್ಲಿ ಒಳಗೆ ಬರುತ್ತಿದೆ, ದಾರಿಯ ಚರಂಡಿ ನಿಮ್ಮ ಗುಡ್ಡಕ್ಕೆ ಎಲ್ಲಿ ಬಾಯಿ ಬಿಟ್ಟಿದೆ ಎಂಬುದನ್ನು ನೋಡಿ ಗೂಟ ಹೊಡೆಯಿರಿ. ನನ್ನ ಜಾಗದಲ್ಲಿ ಅರ್ಧಕ್ಕರ್ಧ ಕೊರೆತಕ್ಕೆ ಕಾರಣ ಮಳೆಯಲ್ಲ, ಮೇಲಿನ ಮಣ್ಣಿನ ರಸ್ತೆಯ ನೀರು ಒಂದೇ ತಿರುವಿನಲ್ಲಿ ಒಳಗೆ ನುಗ್ಗುತ್ತಿದ್ದದ್ದು. ಆ ತಿರುವಿನಲ್ಲಿ ನೀರನ್ನು ಮೂರು ಕಡೆಗೆ ಹಂಚಿದ್ದೇ ಅತಿ ಅಗ್ಗದ ಮತ್ತು ಅತಿ ಪರಿಣಾಮದ ಕೆಲಸವಾಯಿತು.

ನೆರೆಯವರ ಜೊತೆ ಮಾತಾಡುವುದಿದ್ದರೆ ಈಗಲೇ ಮಾತಾಡಿ. ಜಲಾನಯನಕ್ಕೆ ಸರ್ವೆ ಕಲ್ಲು ಗೊತ್ತಿಲ್ಲ. ಗೇರಿನ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲವನ್ನು ಕಂಡ ಇಲ್ಲಿನ ಎಣ್ಮಕಜೆ ಪಂಚಾಯತಿನವರಿಗೆ ನೆತ್ತಿಗೆ ಬಿದ್ದದ್ದು ತೋಡಿಗೆ ಇಳಿಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೆಜ್ಜೆ 2: ಸಮಪಾತಳಿ ಗೆರೆ ಹಾಕುವುದು

ಇಡೀ ಕೆಲಸ ನಿಂತಿರುವುದು ಈ ಹೆಜ್ಜೆಯ ಮೇಲೆ. ಗಿಡದ ಸಾಲು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಇರಬೇಕು. ಅಂದಾಜಿನಲ್ಲಿ ಹಾಕಿದ ಸಾಲು ಒಂದು ಕಡೆ ತಗ್ಗಿದರೆ ನೀರೆಲ್ಲ ಆ ತಗ್ಗಿಗೆ ಓಡಿ ಅಲ್ಲೇ ಬದು ಒಡೆಯುತ್ತದೆ. ಕಣ್ಣನ್ನು ನಂಬಬೇಡಿ. ಗುಡ್ಡದಲ್ಲಿ ಕಣ್ಣು ಸುಳ್ಳು ಹೇಳುತ್ತದೆ.

ಎರಡು ಮೀಟರ್ ಉದ್ದದ ಎರಡು ಅಡಿಕೆ ಮರದ ಸಲಾಕೆಗಳನ್ನು ತುದಿಯಲ್ಲಿ ಸೇರಿಸಿ ಬಿಗಿಯಾಗಿ ಕಟ್ಟಿ. ಕಾಲುಗಳನ್ನು ಸುಮಾರು ಎರಡು ಮೀಟರ್ ಅಗಲಿಸಿ, ಅರ್ಧ ಎತ್ತರದಲ್ಲಿ ಒಂದು ಅಡ್ಡ ಸಲಾಕೆ ಕಟ್ಟಿ. ಇಂಗ್ಲಿಷಿನ 'ಎ' ಅಕ್ಷರದ ಆಕಾರ ಬರುತ್ತದೆ. ತುದಿಯಿಂದ ಒಂದು ದಾರ ಇಳಿಬಿಟ್ಟು, ಅಡ್ಡ ಸಲಾಕೆಗಿಂತ ಕೆಳಗೆ ಬರುವಂತೆ ಕಲ್ಲು ಕಟ್ಟಿ.

ಈಗ ಅದರ ನಡುಬಿಂದು ಕಂಡುಹಿಡಿಯಬೇಕು. ಎರಡು ಕಾಲುಗಳನ್ನೂ ನೆಲದಲ್ಲಿಟ್ಟು, ಅವು ನಿಂತ ಜಾಗಕ್ಕೆ ಗುರುತು ಹಾಕಿ. ದಾರ ಅಡ್ಡ ಸಲಾಕೆಯನ್ನು ಮುಟ್ಟುವ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಚೌಕಟ್ಟನ್ನು ತಿರುಗಿಸಿ, ಎಡಗಾಲು ಇದ್ದಲ್ಲಿ ಬಲಗಾಲು ಬರುವಂತೆ ಇಡಿ. ದಾರ ಇನ್ನೊಂದು ಕಡೆ ಮುಟ್ಟುತ್ತದೆ. ಅಲ್ಲಿಯೂ ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವೆ ಮೂರನೆಯ ಗೆರೆ ಹಾಕಿ, ಅದನ್ನು ಚೂರಿಯಿಂದ ಕೊರೆದು ಗಟ್ಟಿ ಮಾಡಿ. ದಾರ ಆ ಮೂರನೆಯ ಗೆರೆಗೆ ಬಂದರೆ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಸಲಾಕೆ ನೇರವಿಲ್ಲದಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಆಮೇಲೆ ಇಳಿಜಾರಿನ ಒಂದು ಅಂಚಿನಿಂದ ಶುರು ಮಾಡಿ. ಒಂದು ಕಾಲನ್ನು ಗೂಟದ ಬಳಿ ಊರಿ, ಇನ್ನೊಂದನ್ನು ಮೇಲೆ ಕೆಳಗೆ ಸರಿಸುತ್ತಾ ದಾರ ನಡುಗೆರೆಗೆ ಬಂದಾಗ ಅಲ್ಲಿ ಗೂಟ ಹೊಡೆಯಿರಿ. ಹೀಗೆ ಹೆಜ್ಜೆ ಹಾಕುತ್ತಾ ಹೋಗಿ. ಗಾಳಿ ಇರುವ ಹೊತ್ತಿನಲ್ಲಿ ಮಾಡಬೇಡಿ, ದಾರ ತೂಗಾಡಿ ಸಿಟ್ಟು ಬರುತ್ತದೆ. ಬೆಳಗ್ಗಿನ ಹೊತ್ತು ಒಳ್ಳೆಯದು. ಮೇಸ್ತ್ರಿಗಳ ನೀರು ತುಂಬಿದ ಪಾರದರ್ಶಕ ಪೈಪಿನಿಂದಲೂ ಇದೇ ಕೆಲಸ ಆಗುತ್ತದೆ, ಆದರೆ ಅದಕ್ಕೆ ಇಬ್ಬರು ಬೇಕು.

ಸಾಲಿನಿಂದ ಸಾಲಿಗೆ ಎಷ್ಟು ಅಂತರ? ಎತ್ತರದಲ್ಲಿ ಒಂದೂವರೆ ಮೀಟರ್ ವ್ಯತ್ಯಾಸಕ್ಕೆ ಒಂದು ಸಾಲು ಎಂದು ನಾನು ಇಟ್ಟುಕೊಂಡಿದ್ದೇನೆ. ಕೆಳಗಿನ ಗೂಟದ ಬಳಿ ನಿಂತು, ಗುಡ್ಡದ ಕಡೆಗೆ ಕಣ್ಣಿನ ಮಟ್ಟಕ್ಕೆ ನೇರವಾಗಿ ನೋಡಿ. ದೃಷ್ಟಿ ಎಲ್ಲಿ ನೆಲಕ್ಕೆ ತಾಗುತ್ತದೋ ಹೆಚ್ಚುಕಡಿಮೆ ಅಲ್ಲಿ ಮುಂದಿನ ಸಾಲು. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಜಾಗದಲ್ಲಿ ಸಾಲುಗಳ ನಡುವೆ 15 ಮೀಟರ್ ಸಿಗುತ್ತದೆ. ಎರಡು ಮೀಟರ್ ಇಳಿದರೆ ಏಳೂವರೆ, ಮೂರು ಮೀಟರ್ ಇಳಿದರೆ ಐದು.

ಹೆಜ್ಜೆ 3: ಎಲ್ಲಿ ಗುಂಡಿ ತೋಡಬಾರದು

ನೀರಿಂಗಿಸುವ ಉತ್ಸಾಹದಲ್ಲಿ ಇದನ್ನು ಮರೆಯುವವರೇ ಹೆಚ್ಚು. ನಮ್ಮ ಮುರಕಲ್ಲಿನ ಅಡಿಯಲ್ಲಿ ಹಲವು ಕಡೆ ಶೇಡಿ ಮಣ್ಣಿನ (ಮೆದುವಾದ ಜೇಡಿಮಣ್ಣಿನ) ಪದರ ಇರುತ್ತದೆ. ಮುರಕಲ್ಲಿನ ರಂಧ್ರಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಂತು, ಅದನ್ನು ಸಾಬೂನಿನಂತೆ ಜಾರಿಸುತ್ತದೆ. ಮೇಲಿನ ಭಾರವೆಲ್ಲ ಒಟ್ಟಿಗೆ ಕೆಳಗೆ ಬರುತ್ತದೆ. ಬಾವಿ ಅಥವಾ ಸುರಂಗ ತೋಡಿದವರನ್ನು ಕೇಳಿದರೆ ನಿಮ್ಮ ಗುಡ್ಡದಲ್ಲಿ ಶೇಡಿ ಎಷ್ಟು ಆಳದಲ್ಲಿದೆ ಎಂದು ಹೇಳಬಲ್ಲರು. ಅಂತಹ ತಿಳಿವಳಿಕೆ ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ.

ಹತ್ತು ಮೀಟರಿಗೆ ಮೂರು ಮೀಟರಿಗಿಂತ ಹೆಚ್ಚು ಇಳಿಯುವ ಜಾಗದಲ್ಲಿ, ಮನೆಯ ಹಿಂದಿನ ಗುಡ್ಡದಲ್ಲಿ, ದರೆಯ ನೆತ್ತಿಯಲ್ಲಿ, ನೆಲದಲ್ಲಿ ಬಿರುಕು ಕಂಡಲ್ಲಿ, ಮಳೆಗಾಲದಲ್ಲಿ ಹೊಸದಾಗಿ ಒರತೆ ಎದ್ದಲ್ಲಿ ನಾನು ಇಂಗುಗುಂಡಿ ತೋಡುವುದಿಲ್ಲ. ಅಲ್ಲಿ ಹುಲ್ಲು, ಬೇರು ಮತ್ತು ನೀರನ್ನು ಮೆಲ್ಲನೆ ಹೊರಗೆ ಒಯ್ಯುವ ಚರಂಡಿ, ಇಷ್ಟೇ. ಬುಡ ಕಡಿದ ಗುಡ್ಡ ಎಷ್ಟು ದೊಡ್ಡದಿದ್ದರೂ ನಿಲ್ಲುವುದು ಕಷ್ಟ. ಚೆರುವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಹೆದ್ದಾರಿಗೆ ಜರಿದದ್ದನ್ನು ಜಿಲ್ಲೆಯವರೆಲ್ಲ ನೋಡಿದ್ದೇವೆ.

ಗುಂಡಿ ತೋಡಬಹುದಾದ ಸೌಮ್ಯ ಇಳಿಜಾರಿನಲ್ಲಿ, ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಖಾಲಿ ಜಾಗದ ನೇರಕ್ಕೆ ಕೆಳಗಿನ ಸಾಲಿನ ಗುಂಡಿ ಬರುವಂತೆ ತೋಡಿ. ತೆಗೆದ ಮಣ್ಣನ್ನು ಕೆಳಬದಿಗೆ ಹಾಕಿ. ಗುಂಡಿಯ ಅಂಚಿನಿಂದ ಒಂದು ಗೇಣು ಬಿಟ್ಟು ಹಾಕಿ, ಇಲ್ಲದಿದ್ದರೆ ಮೊದಲ ಮಳೆಗೆ ಅದೇ ಮಣ್ಣು ಗುಂಡಿಗೆ ಮರಳುತ್ತದೆ.

ಮಣ್ಣಿನ ಕೆಲಸಕ್ಕೆ ಸರಿಯಾದ ಕಾಲ ದೀಪಾವಳಿಯ ಆಸುಪಾಸು. ನೆಲ ಇನ್ನೂ ಹದವಾಗಿರುತ್ತದೆ, ಪಿಕ್ಕಾಸು ಸುಲಭವಾಗಿ ಇಳಿಯುತ್ತದೆ, ತುಲಾ ಮಾಸದ ಮಳೆಗೆ ಬದುವಿನ ಮೇಲೆ ಹುಲ್ಲು ಹುಟ್ಟಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಸಡಿಲ ಮಾಡಿದ ಮಣ್ಣು ಜೂನ್‌ನಲ್ಲಿ ತೋಡಿಗೆ ಸೇರುವುದು ಖಂಡಿತ. ನನ್ನ ತಪ್ಪು ಅದೇ ಆಗಿತ್ತು.

ಹೆಜ್ಜೆ 4: ನೆತ್ತಿಯಲ್ಲಿ ಏನು ನೆಡಬೇಕು

ಪದವಿನ ಮೇಲೆ ಮಣ್ಣು ಗೇಣುದ್ದವೂ ಇರುವುದಿಲ್ಲ. ಅಲ್ಲಿ ಯಂತ್ರದಿಂದ ಗುಂಡಿ ಕೊರೆದು ತೋಟ ಮಾಡುವ ಹಟ ಬೇಡ. ಬಂಡೆಯ ಸಂದಿಯಲ್ಲಿ ಮಣ್ಣು ನಿಂತ ಕಡೆ ನೇರಳೆ, ನೆಲ್ಲಿ, ಕುಂಟಾಲ, ಕರಂಡೆ, ಕೇಪಳ ತಾವಾಗಿಯೇ ಬರುತ್ತವೆ. ಮೂರು ವರ್ಷ ಬೆಂಕಿ ಬೀಳದಂತೆ, ಕತ್ತಿ ತಾಗದಂತೆ ನೋಡಿಕೊಂಡರೆ ಸಾಕು. ನೆಟ್ಟ ಗಿಡಕ್ಕಿಂತ ಹುಟ್ಟಿದ ಗಿಡ ಗಟ್ಟಿ. ಅಕೇಶಿಯಾ ಬೇಗ ಬೆಳೆಯುತ್ತದೆ ನಿಜ, ಆದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ. ಸೌದೆಗೆ ಬೇಕಿದ್ದರೆ ಅಂಚಿನಲ್ಲಿ ನಾಲ್ಕು ಇರಲಿ.

ಒಂದು ಅಪ್ರಿಯ ಮಾತನ್ನೂ ಹೇಳಿಬಿಡುತ್ತೇನೆ. ಹಿಂದಿನ ಕಾಲದಲ್ಲಿ ಎಲ್ಲವೂ ಸರಿ ಇತ್ತು ಎಂಬುದು ಪೂರ್ತಿ ನಿಜವಲ್ಲ. ಕುಮ್ಕಿ ಗುಡ್ಡದ (ಕೃಷಿಭೂಮಿಗೆ ತಾಗಿದ ಸರಕಾರಿ ಜಾಗದ) ಸೊಪ್ಪು ಕಡಿದು, ತರಗೆಲೆ ಬಾಚಿ ಹಟ್ಟಿಗೆ ಹಾಸಿ, ಆ ಗೊಬ್ಬರವನ್ನು ತೋಟಕ್ಕೆ ಹಾಕಿ ನಮ್ಮ ಅಡಿಕೆ ಬೆಳೆದದ್ದು. ತೋಟ ಕೊಬ್ಬಿತು, ಗುಡ್ಡ ಬತ್ತಲಾಯಿತು. ಈಗ ಹಟ್ಟಿಯಲ್ಲಿ ದನಗಳು ಕಡಿಮೆ, ಹಾಗಾಗಿ ಎಲೆ ಬಾಚುವವರೂ ಕಡಿಮೆ. ಗುಡ್ಡಕ್ಕೆ ಇದು ವರವಾಗಬಹುದಿತ್ತು, ನಡುವೆ ಕಳೆನಾಶಕ ಬಾರದಿದ್ದರೆ.

ಹೆಜ್ಜೆ 5: ಇಳಿಜಾರಿನ ಸಾಲುಗಳು

ಗೂಟ ಹೊಡೆದ ಪ್ರತಿಯೊಂದು ಗೆರೆಯಲ್ಲಿಯೂ ಎರಡು ಪದರ ಇರಲಿ. ಮೇಲ್ಬದಿಗೆ ಲಾವಂಚ, ಅದರ ಬೆನ್ನಿಗೆ ಗ್ಲಿರಿಸಿಡಿಯಾ.

ಲಾವಂಚದ ಬುಡವನ್ನು ಒಡೆದು, ಎರಡು ಮೂರು ಕುಡಿ ಇರುವ ತುಂಡುಗಳನ್ನು ನಾಲ್ಕು ಬೆರಳಿನಿಂದ ಆರು ಬೆರಳಿನ ಅಂತರದಲ್ಲಿ ನೆಡಿ. ಅದರ ಬೇರು ಅಡ್ಡಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಎರಡು ಮೂರು ಮೀಟರ್ ಆಳಕ್ಕೂ ಹೋಗುತ್ತದೆ. ಹಾಗಾಗಿ ಪಕ್ಕದ ಬೆಳೆಗೆ ತೊಂದರೆ ಇಲ್ಲ. ಸಾಲಿನಲ್ಲಿ ಒಂದು ಬುಡ ಸತ್ತರೂ ಆ ವರ್ಷವೇ ತುಂಬಿಸಿ. ಹಲ್ಲು ಬಿದ್ದ ಸಾಲಿನ ಸಂದಿನಿಂದ ನೀರು ನುಗ್ಗುವ ರಭಸ ಸಾಲೇ ಇಲ್ಲದ ಕಡೆಗಿಂತ ಹೆಚ್ಚಿರುತ್ತದೆ. ಬೇರಿಗೆ ಬೆಲೆ ಇದೆಯೆಂದು ಅಗೆದು ಮಾರಲು ಹೋಗಬೇಡಿ. ಅಗೆದರೆ ಬದು ಹೋಯಿತು.

ಗ್ಲಿರಿಸಿಡಿಯಾದ ಹೆಬ್ಬೆರಳಿಗಿಂತ ದಪ್ಪದ, ಒಂದು ಮೀಟರ್ ಉದ್ದದ ಗೆಲ್ಲುಗಳನ್ನು ಮಳೆ ಹಿಡಿದ ಮೇಲೆ, ಅಂದರೆ ಜೂನ್ ಮಧ್ಯದಲ್ಲಿ, ಅರ್ಧ ಮೀಟರಿಗೊಂದರಂತೆ ಊರಿ. ಹಾರೆಯಿಂದ ತೂತು ಮಾಡಿಯೇ ಊರಬೇಕು, ಕಲ್ಲಿನಿಂದ ಬಡಿದರೆ ಸಿಪ್ಪೆ ಸುಲಿದು ಕೊಳೆಯುತ್ತದೆ. ಮೊದಲ ವರ್ಷ ಮುಟ್ಟಬೇಡಿ. ಎರಡನೆಯ ವರ್ಷದಿಂದ ಸೊಂಟದ ಎತ್ತರಕ್ಕೆ ವರ್ಷಕ್ಕೆ ಎರಡು ಮೂರು ಬಾರಿ ಕಡಿದು, ಸೊಪ್ಪನ್ನು ತೆಂಗಿನ ಬುಡಕ್ಕೆ ಹಾಕಿ. ಗುಡ್ಡದಿಂದ ಬಾಚಿ ತರುತ್ತಿದ್ದ ಸೊಪ್ಪಿಗೆ ಇದು ಬದಲಿ. ಕಡಿದ ಗೆಲ್ಲುಗಳನ್ನು ಸಾಲಿನ ಮೇಲ್ಬದಿಗೆ ಅಡ್ಡ ಇಟ್ಟರೆ ಅವೇ ಹೂಳು ಹಿಡಿಯುತ್ತವೆ. ಗ್ಲಿರಿಸಿಡಿಯಾ ಒಂದನ್ನೇ ನೆಟ್ಟರೆ ಕಾಂಡಗಳ ನಡುವೆ ಮಣ್ಣು ಸರಾಗವಾಗಿ ಜಾರುತ್ತದೆ. ಕೃಷಿ ಭವನದವರು ಗೆಲ್ಲು ಕೊಟ್ಟರೆಂದು ಅಷ್ಟಕ್ಕೇ ನಿಲ್ಲಿಸಬೇಡಿ.

ಸಾಲಿನಲ್ಲಿಯೇ ಎಂಟು ಹತ್ತು ಮೀಟರಿಗೊಂದು ದೊಡ್ಡ ಮರ: ಹಲಸು, ಹೆಬ್ಬಲಸು, ಕಾಟುಮಾವು. ನಡುವೆ ಪುನರ್ಪುಳಿ. ಮರ ಐದಾರು ವರ್ಷದ್ದಾದ ಮೇಲೆ ಕರಿಮೆಣಸು ಹಬ್ಬಿಸಬಹುದು. ತೇಗದ ತೋಪು ಮಾಡಿದರೆ ಗುಡ್ಡ ಭದ್ರ ಎಂದುಕೊಂಡವರಿದ್ದಾರೆ. ತೇಗದ ಅಗಲ ಎಲೆಯ ಮೇಲೆ ಮಳೆಹನಿಗಳು ಕೂಡಿಕೊಂಡು ಇನ್ನೂ ದೊಡ್ಡ ಹನಿಗಳಾಗಿ ಬೀಳುತ್ತವೆ. ಬುಡದಲ್ಲಿ ಪೊದೆ, ತರಗೆಲೆ ಇಲ್ಲದಿದ್ದರೆ ಬಯಲಿಗಿಂತ ಹೆಚ್ಚು ಮಣ್ಣು ಹಾರುತ್ತದೆ. ಮರ ಮಾತ್ರ ಇದ್ದರೆ ಸಾಲದು, ಮರದ ಕೆಳಗೊಂದು ಪೊದೆ, ಪೊದೆಯ ಕೆಳಗೊಂದು ಹಾಸು ಇರಬೇಕು. ಅಂದಹಾಗೆ, ಕಡಿಯುವಾಗ ಅನುಮತಿ ಬೇಕಾಗುವ ಮರಗಳೂ ಇವೆ. ನೆಡುವ ಮೊದಲೇ ವಿಚಾರಿಸಿಕೊಳ್ಳಿ.

ಗೇರು ಇದ್ದವರಿಗೆ ಒಂದು ವಿಶೇಷ ಸೂಚನೆ. ಬೀಜ ಹೆಕ್ಕಲು ಸುಲಭವಾಗಲೆಂದು ಫೆಬ್ರವರಿಯಲ್ಲಿ ಇಡೀ ಗುಡ್ಡ ಗುಡಿಸುತ್ತೇವೆ, ಕೆಲವರು ಬೆಂಕಿ ಕೊಡುತ್ತಾರೆ. ಮೇ ತಿಂಗಳ ಗುಡುಗುಮಳೆ ಆ ಬೋಳು ನೆಲದ ಮೇಲೆ ಬೀಳುತ್ತದೆ. ಮರದ ನೆರಳಿನ ವೃತ್ತವನ್ನು ಮಾತ್ರ ಗುಡಿಸಿ, ಎಲೆಯನ್ನು ಇಳಿಜಾರಿಗೆ ಅಡ್ಡಲಾಗಿ ಉದ್ದಕ್ಕೆ ರಾಶಿ ಹಾಕಿ. ಖರ್ಚಿಲ್ಲದ ಬದು ಅದು. ರಬ್ಬರ್ ಇದ್ದವರು ಪ್ಯುರೇರಿಯಾ ಅಥವಾ ಮುಕುನಾ ಬಳ್ಳಿ ಹಬ್ಬಿಸುತ್ತಾರೆ. ಮುಕುನಾ ಎಳೆಯ ಗಿಡಗಳ ಕುತ್ತಿಗೆ ಹಿಸುಕುತ್ತದೆ, ಬುಡದ ಸುತ್ತ ಆಗಾಗ ಎಳೆದು ಹಾಕಬೇಕು.

ಹೆಜ್ಜೆ 6: ತೆಂಗಿನ ಬುಡ, ಅಡಿಕೆಯ ಕಣಿ

ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇಳಿಜಾರಿನ ತೆಂಗಿಗೆ ಒಪ್ಪುವ ಕ್ರಮಗಳನ್ನು ಹೇಳಿಕೊಟ್ಟಿದೆ. ಸೌಮ್ಯ ಇಳಿಜಾರಿನಲ್ಲಿ ಬುಡದ ಕೆಳಬದಿಗೆ ಅರ್ಧಚಂದ್ರಾಕಾರದ ಬದು ಕಟ್ಟಿ, ಬದುವಿನ ಮೇಲೆ ಎರಡು ಸಾಲು ಅನಾನಸು ನೆಡುವುದು ಒಂದು. ಬುಡದ ಸುತ್ತಲಿನ ನೆಲ ಗುಡ್ಡದ ಕಡೆಗೆ ತುಸು ವಾಲಿರಬೇಕು. ತೆಂಗಿನ ಎರಡು ಸಾಲುಗಳ ನಡುವೆ ಅರ್ಧ ಮೀಟರ್ ಅಗಲ, ಅಷ್ಟೇ ಆಳದ ಕಂದಕ ತೋಡಿ ಸಿಪ್ಪೆ ತುಂಬುವುದು ಇನ್ನೊಂದು. ಸಿಪ್ಪೆಯ ಗುಳಿ ಮೇಲಕ್ಕೆ ಬರುವಂತೆ ಒಂದರ ಮೇಲೊಂದು ಜೋಡಿಸಿ, ಬಟ್ಟಲು ಇಟ್ಟಂತೆ. ಐದಾರು ವರ್ಷ ಅದು ನೀರು ಕುಡಿದು ನಿಧಾನವಾಗಿ ಬಿಡುತ್ತದೆ. ಸಿಪ್ಪೆ ಮಾರಿ ಸಿಗುವ ಹಣಕ್ಕಿಂತ ಇದು ಲಾಭ ಎಂದು ನನ್ನ ಲೆಕ್ಕ, ಮನೆಯಲ್ಲಿ ಎಲ್ಲರೂ ಒಪ್ಪುವುದಿಲ್ಲ.

ಅಡಿಕೆ ತೋಟದಲ್ಲಿ ಹೆಚ್ಚು ಹೇಳುವುದಿಲ್ಲ. ಹಾಳೆ, ಸೋಗೆಯನ್ನು ನೆಲಕ್ಕೆ ಹಾಸಿ. ಕಣಿ ನೇರ ತೋಡಿಗೆ ಬಾಯಿ ಬಿಡುವ ಮೊದಲು ಒಂದು ಹೂಳುಗುಂಡಿ ಇರಲಿ. ಅದರ ಮಣ್ಣನ್ನು ಮಳೆ ಮುಗಿದ ಮೇಲೆ ಎತ್ತಿ ಬುಡಗಳಿಗೆ ಹಾಕಿ.

ಹೆಜ್ಜೆ 7: ನೀರು ಹೊರಹೋಗುವ ದಾರಿ ಮತ್ತು ತೋಡಿನ ದಡ

ಎಷ್ಟೇ ಹಿಡಿದರೂ ಉಕ್ಕುವ ನೀರು ಇದ್ದೇ ಇರುತ್ತದೆ. ಅದಕ್ಕೆ ನೀವು ದಾರಿ ಕೊಡದಿದ್ದರೆ ಅದೇ ಮಾಡಿಕೊಳ್ಳುತ್ತದೆ. ಸಹಜವಾಗಿ ತಗ್ಗಿರುವ ಜಾಗವನ್ನು ಹುಲ್ಲು ಬೆಳೆಸಿ ಕಾಲುವೆಯಾಗಿ ಬಿಡಿ. ಅಲ್ಲಲ್ಲಿ ಮುರಕಲ್ಲಿನ ತುಂಡುಗಳನ್ನು ಅಡ್ಡ ಜೋಡಿಸಿ ತಡೆ ಮಾಡಿ. ತಡೆಯ ನಡುಭಾಗ ಎರಡೂ ಬದಿಗಿಂತ ತಗ್ಗಿರಬೇಕು. ನಾನು ಮೊದಲ ಬಾರಿ ಸಪಾಟಾಗಿ ಕಟ್ಟಿದ್ದೆ. ನೀರು ಎರಡೂ ಪಕ್ಕಗಳನ್ನು ತಿಂದು, ತಡೆ ಮಾತ್ರ ಮಧ್ಯದಲ್ಲಿ ದ್ವೀಪದಂತೆ ನಿಂತಿತು.

ತೋಡಿನ ದಡದಲ್ಲಿ ಕೇದಗೆ, ಹೊಂಗೆ ಇರಲಿ. ಕೇದಗೆಯ ಬಿಳಲು ಬೇರು ದಡವನ್ನು ಕೈಬೆರಳುಗಳಂತೆ ಹಿಡಿಯುತ್ತದೆ. ತೋಟದ ಬದಿ ಚೊಕ್ಕ ಕಾಣಲೆಂದು ಅದನ್ನು ಕಡಿದು ಕಲ್ಲು ಕಟ್ಟಿದವರ ಗೋಡೆಗಳು ತೋಡಿನೊಳಗೆ ಮಲಗಿರುವುದನ್ನು ನೋಡಿದ್ದೇನೆ. ಬಿದಿರನ್ನು ದಡದ ತುದಿಯಲ್ಲಲ್ಲ, ಮೂರು ನಾಲ್ಕು ಮೀಟರ್ ಒಳಗೆ ನೆಡಿ. ಹಿಂಡಲು (ಬಿದಿರಿನ ಮೆಳೆ) ದೊಡ್ಡದಾದರೆ ದಡದ ಸಮೇತ ಮಗುಚುತ್ತದೆ. ಮಳೆ ಮುಗಿದ ಮೇಲೆ ಏತಡ್ಕ ಊರಿನವರಂತೆ ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುವ ಅಭ್ಯಾಸವಿದ್ದರೆ ಆ ಕೆಲಸ ಇಲ್ಲಿಗೆ ಬರುತ್ತದೆ, ಇದಕ್ಕಿಂತ ಮೊದಲಲ್ಲ. ಗುಡ್ಡ ಬೋಳಾಗಿದ್ದರೆ ಕಟ್ಟದಲ್ಲಿ ನಿಲ್ಲುವುದು ಹೂಳು.

ಹೆಜ್ಜೆ 8: ಅಳೆಯುವುದು

ಮೇ ತಿಂಗಳಲ್ಲಿ ಒಂದು ಮೊಳ ಉದ್ದದ ಕಬ್ಬಿಣದ ಸರಳುಗಳನ್ನು ಇಳಿಜಾರಿನ ಹತ್ತು ಕಡೆ ಹೊಡೆದು, ಸರಿಯಾಗಿ ಹತ್ತು ಸೆಂಟಿಮೀಟರ್ ಹೊರಗೆ ಕಾಣುವಂತೆ ಬಿಡಿ. ತುದಿಗೆ ಕೆಂಪು ಬಣ್ಣ ಹಚ್ಚಿ, ಇಲ್ಲದಿದ್ದರೆ ಕಾಲಿಗೆ ಚುಚ್ಚುತ್ತದೆ. ನವೆಂಬರಿನಲ್ಲಿ ಸ್ಕೇಲು ಹಿಡಿದು ನೋಡಿ. ಹೆಚ್ಚು ಕಂಡರೆ ಅಷ್ಟು ಮಣ್ಣು ಹೋಗಿದೆ, ಕಡಿಮೆ ಕಂಡರೆ ಅಲ್ಲಿ ಬಂದು ಕೂತಿದೆ. ಸಾಲಿನ ಮೇಲ್ಬದಿಯಲ್ಲಿ ಹೂಳು ಕೂರುತ್ತಾ ಹೋದಂತೆ ತಟ್ಟು ತಾನಾಗಿಯೇ ಮೂಡುತ್ತದೆ, ಯಂತ್ರ ಬೇಕಾಗುವುದಿಲ್ಲ. ಇನ್ನೊಂದು ಅಳತೆ ಗಾಜಿನ ಬಾಟಲಿ. ಪ್ರತಿ ವರ್ಷ ಜೋರು ಮಳೆಯ ದಿನ ತೋಡಿನ ನೀರನ್ನು, ನಿಮ್ಮ ಜಾಗಕ್ಕೆ ಬರುವಲ್ಲಿ ಒಂದು ಬಾಟಲಿ, ಬಿಡುವಲ್ಲಿ ಒಂದು ಬಾಟಲಿ ಹಿಡಿದು ಕಿಟಕಿಯಲ್ಲಿಡಿ. ಮರುದಿನ ಅಡಿಯಲ್ಲಿ ಕೂತ ಕೆಂಪನ್ನು ಹೋಲಿಸಿ.

ನಮ್ಮ ಕಿಟಕಿಯ ಎರಡು ಬಾಟಲಿಗಳಲ್ಲಿ ಕಳೆದ ಆಟಿಯಲ್ಲಿ ಬಿಡುವ ಕಡೆಯ ಕೆಂಪು ಇನ್ನೂ ಅರ್ಧ ಬೆರಳು ಹೆಚ್ಚಿತ್ತು. ಎರಡನೆಯ ತಟ್ಟಿನ ಮೂಲೆಯಲ್ಲಿ ಲಾವಂಚದ ಆರು ಬುಡ ಸತ್ತಿವೆ, ಈ ಜೂನಿಗೆ ತುಂಬಿಸಬೇಕು.